ಜಮ್ಮಾ ಜಾಗ, ಅಕ್ಕನ ಪಾಲು ಮತ್ತು ಬಿಸ್ಕತ್ತಿನ ಡಬ್ಬಿಯ ಸನದು

ಪ್ರಶ್ನೆ: ಕೊಡಗಿನ ಒಬ್ಬ ಓದುಗರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಹೀಗಿದೆ: "ನಮ್ಮದು ಗೌಡ ಕುಟುಂಬ. ಐನ್‌ಮನೆಯ (ಮನೆತನದ ಮೂಲಮನೆ) ಮುಂದೆ ಮೂರು ಎಕರೆ ಗದ್ದೆ, ಅದಕ್ಕೆ ಸೇರಿದ ಏಳು ಎಕರೆ ಬಾಣೆ, ಅಂದರೆ ಗದ್ದೆಗೆ ಜೋಡಿಸಿ ಕೊಟ್ಟ ಎತ್ತರದ ಜಾಗ. ಬಾಣೆಯಲ್ಲಿ ಕಾಫಿ, ಕಾಳುಮೆಣಸು. ಪಹಣಿಯಲ್ಲಿ ಇವತ್ತಿಗೂ ಮುತ್ತಜ್ಜನ ಹೆಸರೇ ಇದೆ. ನಾವು ಮೂವರು ಅಣ್ಣತಮ್ಮಂದಿರು. ಮದುವೆಯಾಗಿ ಮೈಸೂರಿಗೆ ಹೋದ ಅಕ್ಕ ಈಗ ಪಾಲು ಕೇಳುತ್ತಿದ್ದಾಳೆ. ಅಣ್ಣ ಒಪ್ಪುತ್ತಿಲ್ಲ. 'ಜಮ್ಮಾ ಜಾಗ ರಾಜರು ಕೊಟ್ಟದ್ದು, ಪಾಲು ಮಾಡುವಂತಿಲ್ಲ, ಹೆಣ್ಣಿಗೆ ಕೊಡುವಂತಿಲ್ಲ. ಕೊಡಗು ಬೇರೆ ರಾಷ್ಟ್ರವೇ ಆಗಿತ್ತು, ಹೆಣ್ಣಿಗೆ ಪಾಲು ಕೊಡುವ ಕಾನೂನು ಇಲ್ಲಿಗೆ ಬರುವುದಿಲ್ಲ. ಪಾಲಾದರೆ ಕೋವಿಯೂ ಹೋಗುತ್ತದೆ' ಎನ್ನುತ್ತಾನೆ, ಮೊಬೈಲಿಗೆ ಬಂದ ಬರಹಗಳನ್ನು ತೋರಿಸುತ್ತಾನೆ. ಈ ನಡುವೆ ಬಾಣೆಯ ಮೇಲ್ತುದಿ ದೇವರಕಾಡಿಗೆ ಸೇರಿದ್ದೆಂದು ಸರ್ವೆಯವರು ಹೇಳಿಹೋಗಿದ್ದಾರೆ. ಗದ್ದೆಯ ಬದಿಯಲ್ಲಿ ಮೂರು ತಲೆಮಾರಿನಿಂದ ಇರುವ ಯರವರ (ಇಲ್ಲಿಯ ಬುಡಕಟ್ಟಿನವರು) ಮನೆಯನ್ನು ಪಾಲಿಗೆ ಮೊದಲೇ ಎಬ್ಬಿಸಬೇಕೆಂಬುದು ಅಣ್ಣನ ಇನ್ನೊಂದು ಹಟ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನನ್ನ ಮಗಳು, 'ಜಮೀನು, ಧರ್ಮ, ಹಕ್ಕು ಇವುಗಳ ಜಗಳದಿಂದಲೇ ದೇಶಗಳು ಹುಟ್ಟಿವೆ, ನಮ್ಮದೂ ಅದೇ ಕತೆ' ಎನ್ನುತ್ತಾಳೆ. ಯಾರ ಮಾತು ನಿಜ? ನಾವು ಏನು ಮಾಡಬೇಕು?"

ಉತ್ತರ:

ನಿಮ್ಮ ಅಣ್ಣ ಹೇಳುವುದರಲ್ಲಿ ಬಹುಪಾಲು ಒಂದು ಕಾಲಕ್ಕೆ ನಿಜವಾಗಿತ್ತು. ಮೂವತ್ತು ವರ್ಷಗಳಿಂದ ಕೊಡಗಿನ ಜಮೀನು ವ್ಯಾಜ್ಯಗಳನ್ನೇ ನಡೆಸುತ್ತಿರುವ ವಕೀಲನಾಗಿ ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮಾತು ಉಳಿದುಕೊಂಡಿದೆ, ಕಾಲ ಕಳಚಿಕೊಂಡಿದೆ, ತೊಂದರೆ ಇರುವುದು ಅಲ್ಲಿ. ನಿಮ್ಮ ಭಯವೂ ನನಗೆ ಅರ್ಥವಾಗುತ್ತದೆ. ಅಕ್ಕನಿಗೆ ಕೊಟ್ಟರೆ ಮನೆತನ ಒಡೆಯುತ್ತದೆ, ಕೊಡದಿದ್ದರೆ ನ್ಯಾಯಾಲಯ, ಏನೂ ಮಾಡದಿದ್ದರೆ ಕಾಗದ ಮುತ್ತಜ್ಜನ ಹೆಸರಿನಲ್ಲೇ ಗೆದ್ದಲು ಹಿಡಿಯುತ್ತದೆ.

'ಜಮ್ಮಾ' ಎಂದರೆ ಜನ್ಮ. ಹುಟ್ಟಿನಿಂದ ಬಂದ ಹಿಡುವಳಿ. ಕೊಡಗನ್ನಾಳಿದ ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಗದ್ದೆಗೆ ಕಂದಾಯ ಅರ್ಧ. ನೂರು ಭಟ್ಟಿ (ಗದ್ದೆಯ ಹಳೆಯ ಅಳತೆ) ಗದ್ದೆಗೆ ಸಾಗು ರೈತ, ಅಂದರೆ ಪೂರ್ತಿ ಕಂದಾಯದ ಸಾಮಾನ್ಯ ಹಿಡುವಳಿದಾರ, 10 ರೂಪಾಯಿ ಕಟ್ಟಿದರೆ ಜಮ್ಮಾ ರೈತ 5 ರೂಪಾಯಿ ಕಟ್ಟುತ್ತಿದ್ದ. ಇದನ್ನು ಅರಸರ ಔದಾರ್ಯವೆಂದು ಹಾಡಿಹೊಗಳುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಔದಾರ್ಯವಲ್ಲ, ಸಂಬಳ. ಕರೆ ಬಂದಾಗ ಆಯುಧ ಹಿಡಿದು ಹೋಗಬೇಕು, ಅರಮನೆಯ ಕೆಲಸಕ್ಕೆ ನಿಲ್ಲಬೇಕು, ಹಿರಿಯ ತೀರಿಕೊಂಡು ಮುಂದಿನವನು ಪಟ್ಟೆದಾರ, ಅಂದರೆ ಮನೆತನದ ಯಜಮಾನ, ಆದಾಗ ನಜರು ಕಾಣಿಕೆ ಒಪ್ಪಿಸಬೇಕು. ಕಾಸಿನಲ್ಲಿ ಕೊಡದ ಕೂಲಿಯನ್ನು ಕಂದಾಯದಲ್ಲಿ ಬಿಡುತ್ತಿದ್ದರು. ಮಾರಬಾರದು, ಅಡವಿಡಬಾರದು, ಒಡೆಯಬಾರದು ಎಂಬ ನಿಯಮ ಹುಟ್ಟಿದ್ದೂ ಇಲ್ಲಿಯೇ. ಮೂರು ಎಕರೆ ಗದ್ದೆ ಆರು ತುಂಡಾದರೆ ಯಾವ ತುಂಡೂ ಒಬ್ಬ ಯೋಧನನ್ನು ಸಾಕಿ ಕಳುಹಿಸಲಾರದು. ಅರಸನಿಗೆ ಬೇಕಾಗಿದ್ದುದು ಒಡೆಯದ ಮನೆ, ಆ ಮನೆಯಿಂದ ಬರುವ ಒಬ್ಬ ಗಂಡಾಳು. ನಿಮ್ಮ ಅಣ್ಣ ಸಂಪ್ರದಾಯ ಎನ್ನುವುದರಲ್ಲಿ ಅರ್ಧ ಕುಟುಂಬದ ಕಟ್ಟಳೆ, ಇನ್ನರ್ಧ ಅರಮನೆಯ ಅಗತ್ಯ.

ಜಮ್ಮಾ ಎಂದರೆ ಕೊಡವರದ್ದು ಮಾತ್ರ ಎಂಬ ನಂಬಿಕೆಯೂ ಇದೆ. ನಿಮ್ಮ ಮನೆಯ ಕಾಗದವೇ ಅದು ಸುಳ್ಳೆಂದು ಹೇಳುತ್ತದೆ. ಗೌಡರಿಗೆ, ಅಮ್ಮ ಕೊಡವರಿಗೆ, ಹೆಗ್ಗಡೆಯರಿಗೆ, ಇನ್ನೂ ಕೆಲವು ಸಮುದಾಯಗಳಿಗೆ ಜಮ್ಮಾ ಸಿಕ್ಕಿತ್ತು.

ಅದೇ ಪದಕ್ಕೆ ಇನ್ನೊಂದು ಮುಖವಿತ್ತು. ಮೊಬೈಲಿಗೆ ಬರುವ ಬರಹಗಳಲ್ಲಿ ಅದನ್ನು ನಾನು ಒಮ್ಮೆಯೂ ಕಂಡಿಲ್ಲ. ಹಳೆಯ ದಾಖಲೆಗಳಲ್ಲಿ 'ಭೂಮಿ ಜಮ್ಮದ ಆಳು', 'ಒಕ್ಕಲು ಜಮ್ಮದ ಆಳು' ಎಂಬ ಮಾತುಗಳಿವೆ. ಮೊದಲನೆಯವರು ಜಮೀನಿಗೆ ಕಟ್ಟಿಬಿದ್ದವರು, ಆ ಜಮೀನನ್ನು ಬಿಟ್ಟು ಬೇರೆಡೆಗೆ ಅವರನ್ನು ಮಾರುವಂತಿರಲಿಲ್ಲ. ಎರಡನೆಯವರು ಒಡೆಯನಿಗೆ ಕಟ್ಟಿಬಿದ್ದವರು, ಅವರನ್ನು ಎಲ್ಲಿಗೂ ಮಾರಬಹುದಿತ್ತು. ಗದ್ದೆಯ ಈಚೆಗೆ ನಿಂತವನಿಗೆ ಜನ್ಮ ಎಂದರೆ ಹಕ್ಕು, ಅದೇ ಗದ್ದೆಯ ಕೆಸರಿನಲ್ಲಿ ನಿಂತವನಿಗೆ ಜನ್ಮ ಎಂದರೆ ಜೀತ. ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದ ಕಾಯ್ದೆ 1843ರದ್ದು. ಕಾಗದದ ಮೇಲೆ ಬಿಡುಗಡೆಯಾಯಿತು, ಜಮೀನು ಮಾತ್ರ ಸಿಗಲಿಲ್ಲ. ಯರವರ ಮನೆಯ ವಿಚಾರಕ್ಕೆ ಬಂದಾಗ ಇದನ್ನು ಮತ್ತೆ ಎತ್ತುತ್ತೇನೆ.

ಇನ್ನು 'ಬೇರೆ ರಾಷ್ಟ್ರ'ದ ಮಾತು. ಕೊಡಗು ರಾಜ್ಯವಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಲಿಂಗಾಯತರಾದ ಹಾಲೇರಿ ಅರಸರು ಇನ್ನೂರು ವರ್ಷಕ್ಕೂ ಮೀರಿ ಆಳಿದರು. 1834ರಲ್ಲಿ ಕಂಪನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಾಶಿಗೆ ಕಳುಹಿಸಿತು. ಆ ವರ್ಷದ ಮೇ 7ರ ಘೋಷಣೆಯಲ್ಲಿ, ಇನ್ನು ಮುಂದೆ ನಿಮ್ಮನ್ನು ದೇಶೀಯ ಅರಸರ ಕೈಗೆ ಕೊಡುವುದಿಲ್ಲ, ನಿಮ್ಮ ಲೌಕಿಕ ಮತ್ತು ಧಾರ್ಮಿಕ ರೂಢಿಗಳನ್ನು ಗೌರವಿಸುತ್ತೇವೆ ಎಂಬ ಭರವಸೆ ಇತ್ತು. ಜಮೀನು ಮತ್ತು ದೇವರು ಒಂದೇ ಕಾಗದದಲ್ಲಿ ಒಪ್ಪಂದವಾದದ್ದು ಹೀಗೆ. ಮೂರೇ ವರ್ಷದಲ್ಲಿ ಅದು ಹದಗೆಟ್ಟಿತು. ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕಳಚಿ ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳಿದರು. ಕೈಯಲ್ಲಿ ಭತ್ತವಿದ್ದವನು ನಾಣ್ಯಕ್ಕಾಗಿ ಸಾಹುಕಾರನ ಬಾಗಿಲಿಗೆ ಹೋಗಬೇಕಾಯಿತು. 1837ರ ದಂಗೆಯ ಬೇರು ಅಲ್ಲಿದೆ. ದಂಗೆಯ ಮುಂದಾಳುಗಳು ಜಂಗಮನ ವೇಷದ ಒಬ್ಬನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಮುಂದಿಟ್ಟುಕೊಂಡು ಮಂಗಳೂರಿನವರೆಗೂ ನುಗ್ಗಿದರು. ನೀವು ಗೌಡರಾದ್ದರಿಂದ ಆ ಮುಂದಾಳುಗಳಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರ ಹೆಸರನ್ನು ನಿಮಗೆ ನೆನಪಿಸಬೇಕಾಗಿಲ್ಲ. 1837ರ ಅಕ್ಟೋಬರ್ 31ರಂದು ಅವರನ್ನು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಅದೇ ದಂಗೆಯಲ್ಲಿ ಕಂಪನಿಯ ಪಕ್ಷ ಹಿಡಿದವರಿಗೆ ಪದಕ ಸಿಕ್ಕಿತು. ಕೊಡಗಿನವರೆಲ್ಲ ಒಂದಾಗಿ ಒಂದು ರಾಷ್ಟ್ರಕ್ಕಾಗಿ ಹೋರಾಡಿದರು ಎಂಬ ಚಿತ್ರ ಈ ಒಂದು ವರ್ಷದ ಎದುರಿಗೂ ನಿಲ್ಲುವುದಿಲ್ಲ.

'ರಾಷ್ಟ್ರ' ಎಂಬ ಪದ ನಿಮ್ಮ ಅಣ್ಣನ ಮೊಬೈಲಿಗೆ ಬಂದದ್ದು, ನನ್ನ ಅಂದಾಜಿನಲ್ಲಿ, 1861ರ ಫೆಬ್ರವರಿಯ ಆದೇಶದಿಂದ. 1857ರ ನಂತರ ದೇಶದಲ್ಲೆಲ್ಲ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವಾಗ ಕೊಡಗಿಗೆ ವಿನಾಯಿತಿ ಸಿಕ್ಕಿತು. ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆ ಆದೇಶದಲ್ಲಿ ಕೊಡಗಿನವರನ್ನು ಯೋಧರ ಪುಟ್ಟ ರಾಷ್ಟ್ರವೆಂದು ಹೊಗಳಿದೆ. ನಿಷ್ಠರಾಗಿ ಉಳಿದವರಿಗೆ ಆಳುವವನು ಬರೆದುಕೊಟ್ಟ ಪ್ರಶಂಸಾಪತ್ರವದು. ಅದನ್ನು ಹಿಡಿದು ನ್ಯಾಯಾಲಯಕ್ಕೆ ಹೋದರೆ ಒಂದು ಗುಂಟೆಯೂ ದಕ್ಕುವುದಿಲ್ಲ. ಸ್ವಾತಂತ್ರ್ಯದ ನಂತರ 1950ರಲ್ಲಿ ಕೊಡಗು 'ಸಿ' ದರ್ಜೆಯ ರಾಜ್ಯವಾಯಿತು, 1952ರಲ್ಲಿ 24 ಸದಸ್ಯರ ವಿಧಾನಸಭೆಯೂ ಸಿ. ಎಂ. ಪೂಣಚ್ಚ ಎಂಬ ಮುಖ್ಯಮಂತ್ರಿಯೂ ಬಂದರು. 1956ರ ನವೆಂಬರ್ 1ರಂದು ಮೈಸೂರಿನಲ್ಲಿ ಸೇರಿಹೋಯಿತು. ಪ್ರತ್ಯೇಕತೆಯ ಬಗ್ಗೆ ನಿಮ್ಮ ಅಣ್ಣನಿಗೆ ಅಭಿಮಾನವಿರಲಿ, ಅದು ಅವರ ಹಕ್ಕು. ಸಂಸತ್ತು ಮಾಡಿದ ಉತ್ತರಾಧಿಕಾರ ಕಾಯ್ದೆ ಮಾತ್ರ ಕೊಡಗಿನ ಗಡಿಯೆಂದು ಸಂಪಾಜೆ ಘಾಟಿಯಲ್ಲೂ ಕುಶಾಲನಗರದ ಸೇತುವೆಯಲ್ಲೂ ನಿಂತುಬಿಡಲಿಲ್ಲ.

ನಿಮ್ಮ ಮಗಳಿಗೆ ಐರ್ಲೆಂಡಿನ ಒಂದು ಸಂಗತಿ ಹೇಳಿ. ಅವಳ ಮಾತಿನಲ್ಲಿ ಹುರುಳಿದೆ, ಆದರೆ ನಮ್ಮ ಕತೆಗೂ ಅದಕ್ಕೂ ಇರುವ ವ್ಯತ್ಯಾಸ ಹೋಲಿಕೆಗಿಂತ ಹೆಚ್ಚು ಕಲಿಸುತ್ತದೆ. 1609ರಿಂದ ಇಂಗ್ಲೆಂಡಿನ ದೊರೆ ಅಲ್ಲಿಯ ಆಲ್‌ಸ್ಟರ್ ಸೀಮೆಯ ಕ್ಯಾಥೊಲಿಕರ ಜಮೀನು ಕಿತ್ತು ಪ್ರಾಟೆಸ್ಟೆಂಟ್ ವಲಸೆಗಾರರಿಗೆ ಕೊಟ್ಟ. 1704ರಲ್ಲಿ ಬಂದ ಕಾನೂನು ಇನ್ನೂ ಚತುರ. ಕ್ಯಾಥೊಲಿಕನ ಜಮೀನು ಅವನ ನಂತರ ಎಲ್ಲ ಗಂಡುಮಕ್ಕಳಿಗೂ ಸಮನಾಗಿ ಹರಿದುಹಂಚಿ ಹೋಗಲೇಬೇಕು. ಹಿರಿಯ ಮಗ ಪ್ರಾಟೆಸ್ಟೆಂಟ್ ಆದರೆ ಇಡೀ ಜಮೀನು ಅವನೊಬ್ಬನಿಗೆ. ಅಲ್ಲಿಯ ಅರಸೊತ್ತಿಗೆಗೆ ಆ ಮನೆತನಗಳು ಒಡೆಯಬೇಕಾಗಿತ್ತು, ಆದ್ದರಿಂದ ಪಾಲನ್ನೇ ಆಯುಧ ಮಾಡಿಕೊಂಡಿತು. ಇಲ್ಲಿಯ ಅರಸೊತ್ತಿಗೆಗೆ ಮನೆತನಗಳು ಒಡೆಯಬಾರದಾಗಿತ್ತು, ಆದ್ದರಿಂದ ಪಾಲನ್ನು ನಿಷೇಧಿಸಿತು. ಎರಡು ಕಡೆಯೂ ಅಣ್ಣತಮ್ಮಂದಿರ ನ್ಯಾಯ ಯಾರಿಗೂ ಮುಖ್ಯವಾಗಿರಲಿಲ್ಲ, ಅಕ್ಕತಂಗಿಯರದ್ದಂತೂ ಲೆಕ್ಕದಲ್ಲೇ ಇಲ್ಲ. ಮುಂದೆ 1879ರಲ್ಲಿ ಅಲ್ಲಿಯ ಗೇಣಿದಾರರು ಲ್ಯಾಂಡ್ ಲೀಗ್ ಕಟ್ಟಿದರು. ಮರುವರ್ಷ ಮೇಯೊ ಎಂಬಲ್ಲಿ ಕ್ಯಾಪ್ಟನ್ ಬಾಯ್ಕಾಟ್ ಎಂಬ ಜಮೀನ್ದಾರನ ಏಜೆಂಟನಿಗೆ ಊರಿನವರು ಕೊಯ್ಲಿಗೆ ಆಳು ಕೊಡಲಿಲ್ಲ, ಅಂಗಡಿಯಲ್ಲಿ ಸಾಮಾನು ಕೊಡಲಿಲ್ಲ. ನಾವು ಇಂದಿಗೂ ಬಳಸುವ 'ಬಾಯ್ಕಾಟ್' ಪದ ಅವನ ಹೆಸರೇ. 1903ರ ಕಾಯ್ದೆ ಗೇಣಿದಾರರಿಗೆ ಸರ್ಕಾರದ ಸಾಲದಿಂದ ಜಮೀನು ಕೊಳ್ಳುವ ದಾರಿ ತೆರೆಯಿತು, 1922ರಲ್ಲಿ ದೇಶವೇ ಬೇರೆಯಾಯಿತು. ಕಿತ್ತುಕೊಂಡ ಆಲ್‌ಸ್ಟರ್‌ನ ಬಹುಭಾಗ ಮಾತ್ರ ಇವತ್ತಿಗೂ ಗಡಿಯ ಆಚೆಗಿದೆ. ಅಲ್ಲಿ ಗೇಣಿದಾರನ ಸಿಟ್ಟಿನ ಮೇಲೆ ರಾಷ್ಟ್ರ ಕಟ್ಟಿದರು. ನಮ್ಮ ಜಮ್ಮಾದಾರ ಗೇಣಿದಾರನಲ್ಲ. ಕೊಡಗಿನಲ್ಲಿ ಆ ಸಿಟ್ಟಿಗೆ ಕಾರಣವಿದ್ದವರು ತೋಟದ ಕೂಲಿಗಳ ಲೈನ್‌ಮನೆಯಲ್ಲೂ ಬುಡಕಟ್ಟಿನವರ ಹಾಡಿಯಲ್ಲೂ ಇದ್ದರು, ಅವರ ಕೈಗೆ ಯಾರೂ ಬಾವುಟ ಕೊಡಲಿಲ್ಲ.

ಈಗ ಕಾನೂನಿಗೆ ಬರೋಣ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮ್ಮ ಕುಟುಂಬಕ್ಕೆ ಅನ್ವಯಿಸುತ್ತದೆ. ಅದರಲ್ಲಿ ಹೇಳಿರುವ ವಿಷಯಗಳಲ್ಲಿ ಹಳೆಯ ರೂಢಿ ನಡೆಯುವುದಿಲ್ಲ ಎಂದು ಕಾಯ್ದೆಯ ನಾಲ್ಕನೆಯ ಕಲಮೇ ಹೇಳಿದೆ. 2005ರ ತಿದ್ದುಪಡಿ ಮಗಳನ್ನು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳನ್ನಾಗಿ ಮಾಡಿತು. ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನಿಮ್ಮಲ್ಲಿ ನೋಂದಾಯಿತ ಪಾಲು ಆಗಿದ್ದರೆ ಮಾತು ಬೇರೆ. ಪಹಣಿಯಲ್ಲಿ ಮುತ್ತಜ್ಜನೇ ಇದ್ದಾರೆಂದರೆ ಆಗಿರುವ ಸಾಧ್ಯತೆ ಕಡಿಮೆ. ಜನ್ಮದ ಹಕ್ಕು ಎಂದು ನಿಮ್ಮ ಅಣ್ಣ ಹೇಳುವುದನ್ನೇ ಕಾನೂನೂ ಹೇಳುತ್ತಿದೆ. ಅಕ್ಕನೂ ಆ ಮನೆಯಲ್ಲೇ ಜನ್ಮ ಪಡೆದವಳು.

ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಾನು ಕೇಳಬೇಕು. ಮುತ್ತಜ್ಜನಿಗೆ ಮಕ್ಕಳೆಷ್ಟು? ನೀವು ನಾಲ್ವರ ಜಗಳವೆಂದು ಬರೆದಿದ್ದೀರಿ. ಪಹಣಿ ಅವರ ಹೆಸರಿನಲ್ಲಿರುವಾಗ ನಿಮ್ಮ ಅಜ್ಜನ ಅಣ್ಣತಮ್ಮಂದಿರ, ಅಕ್ಕತಂಗಿಯರ ಸಂತತಿಯೂ ಲೆಕ್ಕಕ್ಕೆ ಬರುತ್ತದೆ. ಅವರು ತಮ್ಮ ಭಾಗ ಪಡೆದು ಹೊರನಡೆದದ್ದಕ್ಕೆ ಕಾಗದವಿದೆಯೇ, ಅಥವಾ 'ಅವರಿಗೆ ಆಗಲೇ ಕೊಟ್ಟಾಗಿದೆ' ಎಂಬ ಬಾಯಿಮಾತಷ್ಟೆಯೇ? ನನ್ನ ಬಳಿಗೆ ಬಂದ ಪಾಲಿನ ವ್ಯಾಜ್ಯಗಳಲ್ಲಿ ಹೆಚ್ಚಿನವು ಎದುರಿಗಿದ್ದ ಅಕ್ಕನಿಂದ ಕೆಟ್ಟವಲ್ಲ, ಮರೆತುಹೋಗಿದ್ದ ಚಿಕ್ಕಜ್ಜನ ಮೊಮ್ಮಗನಿಂದ ಕೆಟ್ಟವು.

ಹೀಗೆಯೇ ಬಿಟ್ಟುಬಿಡುವುದೂ ಒಂದು ದಾರಿ, ಕೊಡಗಿನಲ್ಲಿ ಬಹಳ ಮಂದಿ ಅದನ್ನೇ ಹಿಡಿದಿದ್ದಾರೆ. ಖರ್ಚಿಲ್ಲ, ಮನಸ್ತಾಪವಿಲ್ಲ. ಆದರೆ ಸತ್ತವರ ಹೆಸರಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. 2018ರ ಆಗಸ್ಟಿನ ಭೂಕುಸಿತದ ನಂತರ ನನ್ನ ಕಚೇರಿಗೆ ಬಂದ ಒಬ್ಬರ ತೋಟ ಪೂರ್ತಿ ಹೊಳೆಗೆ ಹೋಗಿತ್ತು. ಪಹಣಿ ಅಜ್ಜನ ಹೆಸರಿನಲ್ಲಿತ್ತು. ಪರಿಹಾರದ ಅರ್ಜಿಗೆ ಸಹಿ ಹಾಕಲು ಹನ್ನೊಂದು ಮಂದಿಯನ್ನು ಹುಡುಕಬೇಕಾಯಿತು, ಅವರಲ್ಲಿ ಇಬ್ಬರು ವಿದೇಶದಲ್ಲಿದ್ದರು. ತೋಟವೂ ಇಲ್ಲ, ಹಣವೂ ಇಲ್ಲ, ಓಡಾಟ ಮಾತ್ರ.

ಎರಡನೆಯದು ಪೌತಿ ಖಾತೆ. ವಂಶವೃಕ್ಷ ಮಾಡಿಸಿ ಎಲ್ಲ ವಾರಸುದಾರರ ಹೆಸರನ್ನು ಜಂಟಿಯಾಗಿ ಪಹಣಿಗೆ ತರುವುದು. ಪಾಲು ಮಾಡದಿದ್ದರೂ ಇದನ್ನು ಮಾಡಿಸಿ ಎಂಬುದು ನನ್ನ ಸಲಹೆ. ಅಪಾಯ ಒಂದೇ. ವಂಶವೃಕ್ಷದಿಂದ ಹೆಣ್ಣುಮಕ್ಕಳ ಹೆಸರನ್ನು 'ಮರೆಯುವ' ಚಾಳಿ ನಮ್ಮಲ್ಲಿದೆ. ಹಾಗೆ ಮರೆತ ಹೆಸರು ಹತ್ತು ವರ್ಷದ ನಂತರ ನೋಟಿಸಿನ ರೂಪದಲ್ಲಿ ಅಂಚೆಯಲ್ಲಿ ಬರುತ್ತದೆ, ಆಗ ಸುಳ್ಳು ಪ್ರಮಾಣಪತ್ರ ಕೊಟ್ಟ ಆರೋಪವೂ ಜೊತೆಗಿರುತ್ತದೆ.

ಮೂರನೆಯದು ಎಲ್ಲರೂ ಒಪ್ಪಿ ಮಾಡುವ ನೋಂದಾಯಿತ ಪಾಲು ಪತ್ರ. ಅದಕ್ಕೆ ಮೊದಲು 11ಇ ನಕ್ಷೆ (ಯಾವ ತುಂಡು ಯಾರಿಗೆಂದು ತೋರಿಸುವ ಸರ್ವೆ ನಕ್ಷೆ), ಆಮೇಲೆ ಪೋಡಿ (ತುಂಡುಗಳಿಗೆ ಬೇರೆ ಬೇರೆ ಸರ್ವೆ ನಂಬರು). ಊರಿನ ಹಿರಿಯರನ್ನು ಕೂರಿಸಿ ಬಿಳಿ ಹಾಳೆಯಲ್ಲಿ ಬರೆದ ಪಾಲುಪಟ್ಟಿಯನ್ನು ನೆಚ್ಚಿಕೊಳ್ಳಬೇಡಿ. ಐನ್‌ಮನೆಯನ್ನೂ ಅದರ ಅಂಗಳವನ್ನೂ ಕಾರಣರ (ಕುಲದ ಹಿರಿಯರ) ಗುಡಿಯನ್ನೂ ಪಾಲಿನಿಂದ ಹೊರಗಿಟ್ಟು ಜಂಟಿಯಾಗಿ ಉಳಿಸಿಕೊಳ್ಳಬಹುದು, ಕಾನೂನು ಬೇಡ ಎನ್ನುವುದಿಲ್ಲ. ನಿಮ್ಮ ಅಣ್ಣನ ಸಂಕಟ ಬಹುಶಃ ಬಾಣೆಯ ಎಕರೆಗಳದ್ದಲ್ಲ, ನಡುಮನೆಯ ತೂಗುದೀಪದ್ದು. ಆ ಒಂದು ಸಾಲು ಪತ್ರದಲ್ಲಿ ಮೊದಲೇ ಬಂದರೆ ಉಳಿದ ಮಾತು ಸಲೀಸು. ಅಕ್ಕ ಜಮೀನಿನ ಬದಲು ಹಣ ಪಡೆದು ಹಕ್ಕು ಬಿಡುಗಡೆ ಪತ್ರ ಬರೆದುಕೊಡಲೂಬಹುದು. ಆದರೆ ಹಬ್ಬದ ಊಟಕ್ಕೆ ಕರೆದು, ಕಣ್ಣೀರು ಹಾಕಿಸಿ, ಸೀರೆ ಕೊಟ್ಟು ಬರೆಸಿಕೊಂಡ ಬಿಡುಗಡೆ ಪತ್ರಗಳು ಒತ್ತಡದ ಆರೋಪದಲ್ಲಿ ಬಿದ್ದುಹೋಗುವುದನ್ನು ನಾನು ನೋಡಿದ್ದೇನೆ. ಬೆಲೆ ಕಟ್ಟಿಸಿ, ಬ್ಯಾಂಕಿನ ಮೂಲಕ ಕೊಡಿ. ಯಾವುದಕ್ಕೂ ಒಪ್ಪಿಗೆಯಾಗದಿದ್ದರೆ ದಾವೆ. ಪ್ರಾಥಮಿಕ ಡಿಕ್ರಿ, ಅಂತಿಮ ಡಿಕ್ರಿ, ನಡುವೆ ಮೇಲ್ಮನವಿ. ಅಷ್ಟರಲ್ಲಿ ಮರಗಸಿ (ನೆರಳುಮರದ ಕೊಂಬೆ ಕಡಿಯುವುದು) ಮಾಡುವವರಿಲ್ಲದೆ ಕಾಫಿ ಗಿಡ ಕಾಡಾಗಿರುತ್ತದೆ.

ಬಾಣೆಯ ಬಗ್ಗೆ ಒಂದು ಎಚ್ಚರಿಕೆ. ಬಾಣೆಯನ್ನು ಗದ್ದೆಗೆ ಜೋಡಿಸಿ ಕೊಟ್ಟದ್ದು ಸೊಪ್ಪು, ಸೌದೆ, ದನದ ಮೇವಿಗೆ, ಅದೂ ಕಂದಾಯವಿಲ್ಲದೆ. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ತೋಟ ಬಂದ ಮೇಲೆ ಬಾಣೆಗೂ ಕಾಫಿ ಹತ್ತಿತು, ಸೊಪ್ಪಿನ ಜಾಗ ಸಂಪತ್ತಾಯಿತು. ಅದು ಸವಲತ್ತೋ ಒಡೆತನವೋ ಎಂಬ ತಕರಾರು ಅಂದು ಹುಟ್ಟಿ ಇಂದಿನವರೆಗೂ ಬಂದಿದೆ. 1964ರ ಭೂಕಂದಾಯ ಕಾಯ್ದೆ 79ನೆಯ ಕಲಮಿನಲ್ಲಿ ಜಮ್ಮಾ, ಬಾಣೆಗಳ ಸವಲತ್ತನ್ನು ಹೆಸರಿಸಿಯೇ ಮುಂದುವರಿಸಿದೆ. ನೀವು ಮೊದಲು ನೋಡಬೇಕಾದದ್ದು ನಿಮ್ಮ ಬಾಣೆ ರೆಡೀಮ್ಡ್ (ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಬಿಡಿಸಿಕೊಂಡದ್ದು) ಹೌದೋ ಅಲ್ಲವೋ ಎಂಬುದನ್ನು. ಅಲ್ಲವಾದರೆ ಅದರ ಮೇಲಿನ ಬೀಟೆ, ತೇಗ, ನಂದಿ ಮರಗಳು ಸರ್ಕಾರದವು. ಮರದ ಬೆಲೆ ಸೇರಿಸಿ ಪಾಲು ಹಂಚಿಕೊಂಡು, ಆಮೇಲೆ ಕಡಿಯಲು ಹೋಗಿ ಕೇಸು ಹಾಕಿಸಿಕೊಂಡವರಿದ್ದಾರೆ.

ದೇವರಕಾಡಿನ ಗೆರೆಯ ವಿಚಾರದಲ್ಲಿ ನಾನು ಸರ್ವೆಯವರ ಮಾತನ್ನೂ ನಿಮ್ಮ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ. ಕೊಡಗಿನಲ್ಲಿ 1214 ದೇವರಕಾಡುಗಳ ಲೆಕ್ಕವಿದೆ. 1905ರಲ್ಲಿ ಅವುಗಳ ವಿಸ್ತೀರ್ಣ 15,506 ಎಕರೆ, 1985ರ ಹೊತ್ತಿಗೆ 6,299 ಎಕರೆ. ಆ ಎಂಬತ್ತು ವರ್ಷ ಅವು ಕಂದಾಯ ಇಲಾಖೆಯ ವಶದಲ್ಲಿದ್ದವು, ಆಮೇಲೆ ಅರಣ್ಯ ಇಲಾಖೆಗೆ ಮರಳಿದವು. ಕಾಣೆಯಾದ ಒಂಬತ್ತು ಸಾವಿರ ಎಕರೆಯನ್ನು ಆನೆ ತಿನ್ನಲಿಲ್ಲ. ಒಮ್ಮೆ ದಕ್ಷಿಣ ಕೊಡಗಿನ ಒಂದು ತೋಟದಲ್ಲಿ ಇಂಥದ್ದೇ ಜಂಟಿ ಸರ್ವೆಗೆ ಹೋಗಿದ್ದೆ. ಎರಡೂ ಕಡೆಯವರು ನಕ್ಷೆ ಹಿಡಿದು ಕಿರುಚಾಡುತ್ತಿದ್ದರು. ತೋಟದ ಹಳೆಯ ಆಳೊಬ್ಬ ಏನೂ ಮಾತಾಡದೆ ಬೇಲಿಯಿಂದ ಆರು ಸಾಲು ಒಳಗೆ ನಡೆದು, ಒಂದು ಕಾಫಿ ಗಿಡದ ಬುಡದ ತರಗೆಲೆಯನ್ನು ಕತ್ತಿಯ ಹಿಡಿಯಿಂದ ಸರಿಸಿದ. ಕಿವಿ ಮುರಿದ, ಪಾಚಿ ಹತ್ತಿದ ಮಣ್ಣಿನ ನಾಯಿಗಳು. ಅಯ್ಯಪ್ಪನಿಗೆ ಹರಕೆ ಒಪ್ಪಿಸಿದವು. ಕಾಡು ಎಲ್ಲಿಯವರೆಗಿತ್ತು ಎಂದು ಆಮೇಲೆ ಯಾರೂ ವಾದಿಸಲಿಲ್ಲ. ನಿಮ್ಮ ಮೇಲ್ತುದಿಯಲ್ಲೂ ಒಮ್ಮೆ ಹಾಗೆ ನಡೆದು ನೋಡಿ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ನಂತರ, ಯಾರ ಹೆಸರಿನಲ್ಲಿದ್ದರೂ ಕಾಡು ಕಾಡೇ. ಸಕ್ರಮವಾಗುತ್ತದೆ ಎಂದು ಹಣ ಕೇಳುವವರನ್ನು ನಂಬಬೇಡಿ. ಜಂಟಿ ಸರ್ವೆಗೆ ಅರ್ಜಿ ಕೊಡಿ, ಅದು ಮುಗಿಯುವವರೆಗೆ ಆ ತುಂಡನ್ನು ಯಾರ ಪಾಲಿಗೂ ಹಾಕಬೇಡಿ. ಸಾಮಾನ್ಯವಾಗಿ ಅಂಥ ತುಂಡನ್ನು ಅಕ್ಕನ ಪಾಲಿಗೆ ಹಾಕುತ್ತಾರೆ, ಅದಕ್ಕೇ ಹೇಳಿದೆ.

ಕೋವಿಯ ಮಾತು ಬೇಗ ಮುಗಿಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ನೀವು ಗೌಡರಾದ್ದರಿಂದ ನಿಮಗೆ ಅದು ಜಮ್ಮಾದ ಮೂಲಕ ಬಂದದ್ದು. ಪಾಲು ಪತ್ರದ ಷೆಡ್ಯೂಲಿನಲ್ಲಿ ಜಮೀನಿನ ವಿವರ ಬರೆಯುವಾಗ 'ಜಮ್ಮಾ' ಎಂಬ ಪದ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಸರ್ಕಾರ ಕೊಟ್ಟ, ಸರ್ಕಾರವೇ ಹಿಂಪಡೆಯಬಹುದಾದ ವಿನಾಯಿತಿಯನ್ನು ತೋರಿಸಿ ಅಕ್ಕನ ಪಾಲು ತಡೆಯಲಾಗದು.

ಯರವರ ಮನೆಯನ್ನು ದಯವಿಟ್ಟು ಮುಟ್ಟಬೇಡಿ. ಇದು ಸಲಹೆಗಿಂತ ಹೆಚ್ಚು, ಎಚ್ಚರಿಕೆ. ಯರವರು ಪರಿಶಿಷ್ಟ ಪಂಗಡದವರು. ವಾಸದ ಜಾಗದಿಂದ ಬಲವಂತವಾಗಿ ಎಬ್ಬಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಕ್ರಿಮಿನಲ್ ಮೊಕದ್ದಮೆ ನಿಮ್ಮ ಅಣ್ಣನ ಮೇಲೆ ಬರುತ್ತದೆ, ಅಲ್ಲಿ ನಿರೀಕ್ಷಣಾ ಜಾಮೀನೂ ಸುಲಭವಲ್ಲ. ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿ ಕಾರ್ಮಿಕರ ವಾಸದ ಮನೆಗೆಂದೇ ಪ್ರತ್ಯೇಕ ಕಲಮು ಇದೆ. ಕಾನೂನನ್ನು ಬದಿಗಿಟ್ಟರೂ, ಮೂರು ತಲೆಮಾರು ಎಂದು ನೀವೇ ಬರೆದಿದ್ದೀರಿ. ಅದಕ್ಕೂ ಹಿಂದಿನ ತಲೆಮಾರು ನಿಮ್ಮ ಗದ್ದೆಗೆ ಯಾವ ಹೆಸರಿನಲ್ಲಿ ಬಂದಿತ್ತು ಎಂದು ಮೇಲೆ ಹೇಳಿದ್ದೇನೆ. ಮನೆ ಮತ್ತು ಹಿತ್ತಿಲು ಸೇರಿ ಐದಾರು ಸೆಂಟು ಇರಬಹುದು. ಪಾಲು ಮಾಡುವ ಮೊದಲು ಅದನ್ನು ನಾಲ್ವರೂ ಸೇರಿ ಅವರ ಹೆಸರಿಗೆ ನೋಂದಣಿ ಮಾಡಿಸಿಕೊಟ್ಟ ಕುಟುಂಬವೊಂದು ನನಗೆ ಗೊತ್ತು. ಅಳತೆ ದಾಖಲೆ ಸರಿಪಡಿಸಲು ಸ್ವಲ್ಪ ಅಲೆದಾಟವಾಯಿತು, ಆದರೆ ಆಯಿತು.

ಮುಂದಿನ ಕೆಲಸ ಇಷ್ಟು. ವಂಶವೃಕ್ಷವನ್ನು ಮೊದಲು ಮನೆಯಲ್ಲೇ, ಪೆನ್ಸಿಲಿನಲ್ಲಿ ಬರೆಯಿರಿ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಳೆಯ ಹೆಂಗಸರ ಹೆಸರು, ಅವರು ಯಾವ ಮನೆಗೆ ಹೋದರು ಎಂಬುದು ಅವಳಿಗೇ ಹೆಚ್ಚು ನೆನಪಿರುತ್ತದೆ. ಜಮಾಬಂದಿಯ (ಹಳೆಯ ಕಂದಾಯ ದಾಖಲೆ) ದೃಢೀಕೃತ ನಕಲು ತೆಗೆಸಿ. ಬಿಸ್ಕತ್ತಿನ ಡಬ್ಬಿಯಲ್ಲಿ ರಾಜರ ಕಾಲದ ಸನದು (ಜಮೀನು ಕೊಟ್ಟ ಹಕ್ಕುಪತ್ರ) ಇದೆ, ಮಡಿಕೆಯಲ್ಲಿ ಹರಿಯುತ್ತಿದೆ ಎಂದು ಕೊನೆಯ ಪುಟದಲ್ಲಿ ಬರೆದಿದ್ದೀರಲ್ಲ, ಅದನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ, ಫೋಟೊ ತೆಗೆದು ನಾಲ್ವರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.